ಕೈಗೆ ತಕ್ಕ ಹಲಗೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ನನ್ನನ್ನು ಕೇಳಿದಾಗ, ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತ ಪ್ರಬಂಧವನ್ನು ಅವರು ನಿರೀಕ್ಷಿಸಿದ್ದರೆಂಬುದು ನಿರ್ವಿವಾದ. ಜೀವಮಾನವೆಲ್ಲ ಹಳಗನ್ನಡದ ಪಾಠ ಹೇಳುತ್ತ ಬಂದವನಿಂದ ಬೇರೇನನ್ನು ತಾನೆ ನಿರೀಕ್ಷಿಸಲಾದೀತು? ಆದರೆ ನಾನು ಈ ಸಲ ಬರೆಯಹೊರಟಿರುವುದು ಟೇಬಲ್ ಟೆನ್ನಿಸ್ ಆಟದ ಬ್ಯಾಟನ್ನು ಕುರಿತು; ಇನ್ನೂ ನಿಖರವಾಗಿ ಹೇಳುವುದಾದರೆ, ಬ್ಯಾಟಿನ ಎರಡು ರಬ್ಬರು ಹಾಳೆಗಳ ನಡುವೆ ಅಡಗಿ ಕುಳಿತಿರುವ ಮರದ ಹಲಗೆಯನ್ನು ಕುರಿತು. ಪಂಡಿತನಿಗೆ ಇದೆಲ್ಲಿಯ ಉಸಾಬರಿ ಎಂದು ವಾಚಕರು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಈ ವಿಷಯವನ್ನು ಆಯ್ದುಕೊಳ್ಳಲು ನನಗೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಈ ಹಲಗೆಯ ಆಯ್ಕೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ದಾನಿಗಳ ಹಣ ಪೋಲಾದದ್ದು ಅದರ ಚಿಕ್ಕ ಫಲ. ಒಂದು ಮಗುವಿನ ಆಟ ಕೆಟ್ಟದ್ದು ಅದರ ದೊಡ್ಡ ಫಲ. ಅದನ್ನು ಮುಚ್ಚಿಡುವುದಕ್ಕಿಂತ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಈ ಮೂವರೂ ಕಣ್ಣಾಡಿಸುವ ಈ ಪುಟಗಳಲ್ಲಿ ಬಿಚ್ಚಿ ಹೇಳುವುದೇ ಮೇಲೆಂದು ತೋರಿತು.

ಮೊದಲು ಶಬ್ದದ ಮಾತು; ಅದನ್ನು ಬಿಟ್ಟು ಮುಂದೆ ಹೋಗುವುದು ನನ್ನಂಥವನಿಂದ ಸಾಧ್ಯವಿಲ್ಲ. ರಬ್ಬರು ಅಂಟಿಸದ ಬರಿಯ ಮರದ ಭಾಗಕ್ಕೆ ಆಟಗಾರರು ‘ಬ್ಲೇಡ್’ ಎನ್ನುತ್ತಾರೆ. ನಮ್ಮ ಕಿವಿಗೆ ಬ್ಲೇಡ್ ಎಂದೊಡನೆ ಕ್ಷೌರದ ನೆನಪಾಗುವುದರಿಂದ ನಾನು ಹಲಗೆ ಎಂಬ ಮಾತನ್ನೇ ಬಳಸುತ್ತೇನೆ. ಸಂಸ್ಕೃತದ ಫಲಕ ಶಬ್ದವೇ ಪಲಗೆಯಾಗಿ, ಪಕಾರ ಹಕಾರವಾಗಿ, ಹಲಗೆಯಾಯಿತೆಂಬುದು ವ್ಯಾಕರಣ ಬಲ್ಲವರಿಗೆ ಹೊಸ ಸಂಗತಿಯಲ್ಲ. ಫಲಕಕ್ಕೂ ಹಲಗೆಗೂ ಮರದ ಪಟ್ಟಿ ಎಂಬರ್ಥವಿರುವಂತೆ ಗುರಾಣಿ ಎಂಬರ್ಥವೂ ಉಂಟು. ಮೇಜಿನ ಮೇಲಿನ ಈ ಆಟದಲ್ಲಿ ಕೈಯಲ್ಲಿರುವ ಒಂದೇ ವಸ್ತು ಹೊಡೆಯುವ ಆಯುಧವೂ ಹೌದು, ತಡೆಯುವ ಗುರಾಣಿಯೂ ಹೌದು. ಕೊಳ್ಳುವವರು ಮರೆಯುವುದು ಈ ಎರಡನೆಯ ಅರ್ಥವನ್ನೇ. ನಾನೂ ಅದನ್ನೇ ಮರೆತಿದ್ದೆ.

ಈ ಆಟಕ್ಕೂ ನನಗೂ ಬಾಲ್ಯದಿಂದ ನಂಟು. ೧೯೮೦ರ ದಶಕದಲ್ಲಿ ಕೃಷ್ಣರಾಜಪುರ ಇನ್ನೂ ಊರಿನಂತೆಯೇ ಇತ್ತು. ೧೯೪೮ರಲ್ಲಿ ಪ್ರಾರಂಭವಾದ ದೂರವಾಣಿ ಕಾರ್ಖಾನೆಯ ಸುತ್ತ ಬೆಳೆದಿದ್ದ ದೂರವಾಣಿನಗರವೇ ನಮಗೆ ಪಟ್ಟಣ. ಅಲ್ಲಿಯ ನೌಕರರೊಬ್ಬರ ಮನೆಯ ಹಜಾರದಲ್ಲಿ ಎರಡು ಮೇಜುಗಳನ್ನು ಜೋಡಿಸಿ, ನಡುವೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ನಾವು ಆಡುತ್ತಿದ್ದೆವು. ಬ್ಯಾಟು ಎಂದರೆ ತೆಳ್ಳನೆಯ ಪ್ಲೈವುಡ್ಡಿಗೆ ಗುಳ್ಳೆಗುಳ್ಳೆಯ ರಬ್ಬರು ಅಂಟಿಸಿದ ವಸ್ತು. ಚೆಂಡು ತಗುಲಿದರೆ ‘ಟಕ್’ ಎಂದು ಮರದ ಧ್ವನಿಯೇ ಕೇಳಿಸುತ್ತಿತ್ತು. ವಿದ್ವತ್ ಪರೀಕ್ಷೆಗೆ ಓದುವ ಕಾಲದಲ್ಲಿಯೂ ಸಂಜೆಯ ಒಂದು ಗಂಟೆಯನ್ನು ಈ ಆಟಕ್ಕೆ ಮೀಸಲಿಟ್ಟಿದ್ದೆ. ಈ ಅಲ್ಪಜ್ಞಾನವೇ ಮುಂದೆ ಅನರ್ಥಕ್ಕೆ ಹೇತುವಾಯಿತು. ‘ಪಂಡಿತರು ಆಡಿದವರು, ಅವರಿಗೆ ತಿಳಿಯುತ್ತದೆ’ ಎಂದು ಶಾಲೆಯವರು ಬ್ಯಾಟುಗಳ ಖರೀದಿಯನ್ನು ನನಗೆ ಒಪ್ಪಿಸಿಬಿಟ್ಟರು.

ಅದು ೨೦೨೨ನೆಯ ಇಸವಿ. ಸಾಂಕ್ರಾಮಿಕದ ಎರಡು ವರ್ಷಗಳ ಮೌನದ ಬಳಿಕ ಶಾಲೆಯ ಅಂಗಳದಲ್ಲಿ ಮತ್ತೆ ಮಕ್ಕಳ ಗದ್ದಲ ಕೇಳಿಬರುತ್ತಿದ್ದ ಕಾಲ. ಹಳೆಯ ವಿದ್ಯಾರ್ಥಿಗಳೊಬ್ಬರು ಉದಾರವಾಗಿ ಹಣ ಕೊಟ್ಟು, ತಂಡದ ನಾಲ್ವರಿಗೆ ‘ಅತ್ಯುತ್ತಮವಾದುದನ್ನೇ’ ಕೊಡಿಸಬೇಕೆಂದು ಕೇಳಿಕೊಂಡರು. ನಾನು ದಂಡುಪ್ರದೇಶದ ಒಂದು ಅಂಗಡಿಗೆ ಹೋದೆ. ಅಂಗಡಿಯವರು ವಿಶ್ವಪ್ರಸಿದ್ಧ ಆಟಗಾರರ ಚಿತ್ರವಿದ್ದ ಪೆಟ್ಟಿಗೆಗಳನ್ನು ತೆರೆದರು. ಐದು ಪದರ ಮರ, ಎರಡು ಪದರ ಇಂಗಾಲದ ನಾರು. ಹಲಗೆಯೊಂದಕ್ಕೆ ಹನ್ನೆರಡು ಸಾವಿರ ರೂಪಾಯಿ. ಅದಕ್ಕೆ ಒಪ್ಪುವಂತೆ ಅತಿ ದಪ್ಪದ ಸ್ಪಂಜಿನ ರಬ್ಬರು. ನಾನು ಹಿಡಿದು ನೋಡಿದೆ, ಚೆಂಡನ್ನು ಎರಡು ಸಲ ಪುಟಿಸಿದೆ, ಅದು ಚಿಮ್ಮಿ ಮೇಲಕ್ಕೆ ಹಾರಿದ್ದನ್ನು ಕಂಡು ಸಂತೋಷಪಟ್ಟೆ, ಹಣ ತೆತ್ತೆ. ಪರೀಕ್ಷೆ ಎಂದರೆ ಅಷ್ಟೇ ಆಗಿತ್ತು.

ತಂಡದಲ್ಲಿ ಹಲಸೂರು ಕೆರೆಯ ಕಡೆಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳಿದ್ದಳು. ಆಕೆಯ ಆಟದಲ್ಲಿ ಆರ್ಭಟವಿರಲಿಲ್ಲ. ಎದುರಾಳಿ ಎಷ್ಟು ಬಲವಾಗಿ ಹೊಡೆದರೂ ಚೆಂಡನ್ನು ಮೃದುವಾಗಿ ತಡೆದು, ಮೇಜಿನ ಯಾವ ಮೂಲೆ ಬರಿದಾಗಿದೆಯೋ ಅಲ್ಲಿಗೆ ಕಳುಹಿಸುವುದೇ ಆಕೆಯ ಬಲ. ಹೊಸ ಬ್ಯಾಟು ಕೈಗೆ ಬಂದ ಮೇಲೆ ಆ ಮೂಲೆಗಳೆಲ್ಲ ತಪ್ಪಿಹೋದವು. ತಡೆದ ಚೆಂಡು ಮೇಜಿನಾಚೆ ಬೀಳತೊಡಗಿತು. ಆಕೆ ನನ್ನ ಬಳಿಗೆ ಬಂದು, ‘ಸರ್, ಇದು ನನ್ನ ಕೈ ಮಾತು ಕೇಳ್ತಿಲ್ಲ, ಹಳೇದನ್ನೇ ಕೊಡ್ತೀರಾ?’ ಎಂದು ಕೇಳಿದಳು. ದಾನಿಗಳು ಇಷ್ಟು ಬೆಲೆಯದನ್ನು ಕೊಡಿಸಿರುವಾಗ ಹಳೆಯದನ್ನು ಬಯಸುವುದು ಸರಿಯಲ್ಲವೆಂದೂ, ಏಕಾಗ್ರತೆ ಸಾಲದೆಂದೂ ನಾನು ಗದರಿದೆ. ಅಂತರಶಾಲಾ ಪಂದ್ಯದಲ್ಲಿ, ಹಿಂದಿನ ವರ್ಗದಲ್ಲಿ ಸುಲಭವಾಗಿ ಗೆದ್ದಿದ್ದ ಎದುರಾಳಿಗೇ ಆಕೆ ಸೋತಳು. ಅಂದು ಅಳಲಿಲ್ಲ. ಬ್ಯಾಟನ್ನು ಚೀಲದಲ್ಲಿಟ್ಟು ನನ್ನ ಮೇಜಿನ ಮೇಲಿರಿಸಿ ಹೋದಳು. ಮತ್ತೆ ಆಟದ ಕೋಣೆಗೆ ಬರಲಿಲ್ಲ.

ಕೆಲವು ವಾರಗಳ ಬಳಿಕ, ಏಕೆಂದು ತಿಳಿಯದು, ಆ ಬ್ಯಾಟನ್ನೂ ಆಕೆಯ ಹಳೆಯ ಬ್ಯಾಟನ್ನೂ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಒಯ್ದು ತೂಗಿಸಿದೆ. ಹಳೆಯದು ೧೫೮ ಗ್ರಾಂ. ಹೊಸದು ೧೯೨ ಗ್ರಾಂ. ಮೂವತ್ತನಾಲ್ಕು ಗ್ರಾಂ ಎಂದರೆ ಏನು ಮಹಾ ಎಂದು ಕೇಳಬಹುದು. ಚೆಂಡಿನ ತೂಕ ೨.೭ ಗ್ರಾಂ ಮಾತ್ರ ಎಂಬುದನ್ನು ನೆನೆಯಿರಿ. ಆ ಹೆಚ್ಚಿನ ಭಾರವೆಲ್ಲ ಹಿಡಿಯಿಂದ ದೂರದಲ್ಲಿ, ಬ್ಯಾಟಿನ ತಲೆಯ ಕಡೆಗೆ ಇತ್ತೆಂಬುದನ್ನೂ ಗಮನಿಸಿರಿ. ಹದಿನಾಲ್ಕರ ಬಾಲಕಿಯ ಮಣಿಕಟ್ಟು ಆ ಭಾರವನ್ನು ಒಂದು ಗಂಟೆಯಲ್ಲಿ ನೂರಾರು ಸಲ ತಿರುಗಿಸಬೇಕಾಗಿತ್ತು. ಇನ್ನೊಂದು ಆಶ್ಚರ್ಯ: ಒಂದೇ ಹೆಸರಿನ, ಒಂದೇ ಬೆಲೆಯ ಆ ನಾಲ್ಕು ಬ್ಯಾಟುಗಳು ತಮ್ಮತಮ್ಮಲ್ಲೇ ಒಂಬತ್ತು ಗ್ರಾಂಗಳಷ್ಟು ಭಿನ್ನವಾಗಿದ್ದವು. ಎಲ್ಲಕ್ಕಿಂತ ಭಾರವಾದದ್ದನ್ನು ಎಲ್ಲರಿಗಿಂತ ಚಿಕ್ಕ ಕೈಗೆ ನಾನು ಕೊಟ್ಟಿದ್ದೆ. ಏಕಾಗ್ರತೆ ಇಲ್ಲದವನು ನಾನೇ ಆಗಿದ್ದೆ.

ಆ ದಿನದಿಂದ ಈ ಹಲಗೆಯ ವಿಚಾರವನ್ನು ಶಾಸ್ತ್ರಾಭ್ಯಾಸದಂತೆಯೇ ಕೈಗೊಂಡೆ. ತಿಳಿದುಬಂದುದನ್ನು ಸಂಗ್ರಹವಾಗಿ ನಿವೇದಿಸುತ್ತೇನೆ.

ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಒಕ್ಕೂಟ ೧೯೨೬ರಲ್ಲಿ ಸ್ಥಾಪನೆಯಾಯಿತು. ಅದರ ನಿಯಮದಂತೆ ಬ್ಯಾಟಿನ ಗಾತ್ರಕ್ಕೂ ಆಕಾರಕ್ಕೂ ತೂಕಕ್ಕೂ ಯಾವ ಕಟ್ಟುಪಾಡೂ ಇಲ್ಲ. ಹಲಗೆ ಚಪ್ಪಟೆಯಾಗಿಯೂ ಬಾಗದಂತೆಯೂ ಇರಬೇಕು. ಅದರ ದಪ್ಪದಲ್ಲಿ ಶೇಕಡ ೮೫ರಷ್ಟಾದರೂ ಸಹಜವಾದ ಮರವಾಗಿರಬೇಕು. ಪದರಗಳ ನಡುವೆ ಇಂಗಾಲದ ನಾರು, ಗಾಜಿನ ನಾರು ಮೊದಲಾದುವನ್ನು ಸೇರಿಸಬಹುದು. ಆದರೆ ಅಂಥ ಒಂದು ಪದರ ಒಟ್ಟು ದಪ್ಪದ ಶೇಕಡ ೭.೫ನ್ನಾಗಲಿ ೦.೩೫ ಮಿಲಿಮೀಟರನ್ನಾಗಲಿ, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನು, ಮೀರಕೂಡದು. ಎಂದಮೇಲೆ ಹನ್ನೆರಡು ಸಾವಿರ ರೂಪಾಯಿಯ ಹಲಗೆಯೂ ಬಹುಮಟ್ಟಿಗೆ ಮರವೇ. ಮರವನ್ನು ಪರೀಕ್ಷಿಸಲು ಬಲ್ಲವನು ಹಲಗೆಯನ್ನೂ ಪರೀಕ್ಷಿಸಬಲ್ಲ.

ಈ ಮರಗಳ ಹೆಸರುಗಳು ನಮಗೆ ಅಪರಿಚಿತ. ಅಯೂಸ್, ಲಿಂಬಾ, ಕೋಟೋ ಇವು ಆಫ್ರಿಕದ ಮರಗಳು. ಹಿನೋಕಿ ಜಪಾನಿನ ಒಂದು ಬಗೆಯ ಸೈಪ್ರೆಸ್. ನಮ್ಮ ತೇಗ ಗಟ್ಟಿಯಾದರೂ ಈ ಕೆಲಸಕ್ಕೆ ಭಾರ. ಅಯೂಸ್ ಅದಕ್ಕಿಂತ ಬಹಳ ಹಗುರವಾದುದರಿಂದಲೇ ಬಹುಪಾಲು ಹಲಗೆಗಳ ಒಡಲು ಅದರಿಂದಾಗಿರುತ್ತದೆ. ಸಾಮಾನ್ಯವಾಗಿ ಪದರಗಳು ಬೆಸಸಂಖ್ಯೆಯಲ್ಲಿರುತ್ತವೆ: ಮೂರು, ಐದು, ಏಳು. ಒಂದು ಪದರದ ನಾರು ಉದ್ದಕ್ಕಿದ್ದರೆ ಅದರ ಮಗ್ಗುಲಿನದು ಅಡ್ಡಕ್ಕೆ. ಹಲಗೆ ತಿರುಚಿಕೊಳ್ಳದಂತೆ ಇದು ಕಾಪಾಡುತ್ತದೆ. ಹೊರಪದರ ಲಿಂಬಾದಂಥ ಮೆದುಮರದ್ದಾದರೆ ಚೆಂಡು ಅರೆಕ್ಷಣ ಹೆಚ್ಚು ತಂಗಿದಂತೆ ಕೈಗೆ ಭಾಸವಾಗುತ್ತದೆ. ಕೋಟೋದಂಥ ಗಡಸುಮರದ್ದಾದರೆ ಚೆಂಡು ತಟ್ಟನೆ ಚಿಮ್ಮುತ್ತದೆ. ಇಂಗಾಲದ ನಾರು ಹೊರಪದರಕ್ಕೆ ಹತ್ತಿರವಿದ್ದಷ್ಟೂ ಈ ಚಿಮ್ಮುವಿಕೆ ತೀಕ್ಷ್ಣ. ನಡುವಣ ತಿರುಳಿಗೆ ಹತ್ತಿರವಿದ್ದರೆ ಮೃದುವಾದ ಹೊಡೆತಗಳಲ್ಲಿ ಮರದ ಗುಣವೇ ಮುಂದಾಗಿರುತ್ತದೆ. ಅಂಗಡಿಯ ಪೆಟ್ಟಿಗೆಯ ಮೇಲೆ ‘ವೇಗ ೯, ಹಿಡಿತ ೮’ ಎಂದು ಅಚ್ಚಾಗಿರುವ ಅಂಕಗಳಿಗೆ ಎಲ್ಲ ತಯಾರಕರಿಗೂ ಅನ್ವಯಿಸುವ ಸಮಾನವಾದ ಅಳತೆಗೋಲಿಲ್ಲ. ಒಬ್ಬ ಉಪಾಧ್ಯಾಯರು ಕೊಟ್ಟ ಎಂಬತ್ತನ್ನು ಇನ್ನೊಬ್ಬರು ಕೊಟ್ಟ ಎಂಬತ್ತರೊಂದಿಗೆ ಹೋಲಿಸಲಾಗದೆಂಬುದನ್ನು ಅಧ್ಯಾಪಕ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ.

ಹಲಗೆಯನ್ನು ಕಣ್ಣಿನಿಂದ ನೋಡುವುದನ್ನು ನನಗೆ ಕಲಿಸಿದವರು ಶಿವಾಜಿನಗರದಲ್ಲಿ ಕುರ್ಚಿ ಮೇಜುಗಳನ್ನು ರಿಪೇರಿ ಮಾಡುವ ವೃದ್ಧ ಬಡಗಿಯೊಬ್ಬರು. ರಸೆಲ್ ಮಾರುಕಟ್ಟೆಯ ಹಿಂದಣ ಓಣಿಯಲ್ಲಿ ಅವರ ಮಳಿಗೆ. ಟೇಬಲ್ ಟೆನ್ನಿಸ್ಸನ್ನು ಅವರು ಎಂದೂ ಆಡಿದವರಲ್ಲ. ನಾನು ಒಯ್ದ ಹಲಗೆಯನ್ನು ಒಂದು ಕಣ್ಣು ಮುಚ್ಚಿ, ಬಂದೂಕಿಗೆ ಗುರಿ ಹಿಡಿದಂತೆ ಅಂಚಿನುದ್ದಕ್ಕೂ ನೋಡಿ, ‘ಇದು ಕೊಂಚ ತಿರುಚಿದೆ. ಬೆಲೆ ಕೇಳುವ ಮೊದಲು ಅಂಚು ನೋಡಬೇಕು ಸ್ವಾಮಿ’ ಎಂದರು. ಹೊರಪದರದ ನಾರು ಹಿಡಿಯಿಂದ ತಲೆಯವರೆಗೆ ನೆಟ್ಟಗೆ ಹರಿದಿರಬೇಕು. ಅಂಚಿನಲ್ಲಿ ಪದರಗಳ ನಡುವೆ ಬಿರುಕಾಗಲಿ ಪೊಳ್ಳಾಗಲಿ ಕಾಣಬಾರದು. ಹಿಡಿಯ ಎರಡು ಹೋಳುಗಳು ಹಲಗೆಗೆ ಸಂದಿಲ್ಲದಂತೆ ಕೂಡಿರಬೇಕು. ಇಷ್ಟಕ್ಕೆ ಬೇಕಾದುದು ಒಂದು ನಿಮಿಷ ಮಾತ್ರ.

ಎರಡನೆಯದು ತೂಕ. ಸಾಮಾನ್ಯ ಹಲಗೆ ೮೦ರಿಂದ ೯೦ ಗ್ರಾಂ ತೂಗುತ್ತದೆ. ಕತ್ತರಿಸಿ ಅಂಟಿಸಿದ ರಬ್ಬರು ಪ್ರತಿಯೊಂದು ಪಕ್ಕಕ್ಕೆ ಸುಮಾರು ೪೦ರಿಂದ ೫೦ ಗ್ರಾಂ. ಆದ್ದರಿಂದ ಹಲಗೆಯನ್ನಷ್ಟೇ ಕೈಯಲ್ಲಿ ತೂಗಿ ‘ಹಗುರ’ ಎಂದು ನಿರ್ಣಯಿಸುವುದು ಅರ್ಧ ಪದ್ಯವನ್ನು ಓದಿ ಅನ್ವಯ ಹೇಳಿದಂತೆ. ಪ್ರೌಢಶಾಲೆಯ ಮಕ್ಕಳಿಗೆ ರಬ್ಬರು ಸೇರಿ ೧೭೦ ಗ್ರಾಂ ಮೀರದಿರುವುದು ಲೇಸೆಂದು ನನ್ನ ಅಭಿಪ್ರಾಯ. ತಕ್ಕಡಿ ಇಲ್ಲದ ಅಂಗಡಿಯಲ್ಲಿ ಹಲಗೆ ಕೊಳ್ಳಬಾರದು. ಇಲ್ಲವೇ ತಕ್ಕಡಿಯನ್ನು ನಾವೇ ಒಯ್ಯಬೇಕು. ತೂಕದ ಜೊತೆಗೆ ಸಮತೋಲ: ರಬ್ಬರು ಅಂಟಿಸಿದ ಮೇಲೆ, ಹಿಡಿ ಮುಗಿದು ಹಲಗೆ ಅಗಲವಾಗತೊಡಗುವ ಎಡೆಯಲ್ಲಿ ಬೆರಳಿನ ಮೇಲಿಟ್ಟು ನೋಡಿದರೆ, ತಲೆ ಎಷ್ಟರಮಟ್ಟಿಗೆ ಕೆಳಕ್ಕೆ ಬಾಗುವುದೆಂಬುದು ಗೊತ್ತಾಗುತ್ತದೆ. ತಲೆಭಾರದ ಬ್ಯಾಟು ಬೀಸಿ ಹೊಡೆಯುವ ಬಲಿಷ್ಠನಿಗೆ ನೆರವಾದೀತು. ತಟಕ್ಕನೆ ಮುಖ ತಿರುಗಿಸಿ ತಡೆಯಬೇಕಾದವರಿಗೆ ಅದು ಹೊರೆ.

ಮೂರನೆಯದು ಕಿವಿ. ಹಲಸಿನ ತೋಟವಿದ್ದುದರಿಂದಲೇ ಹಲಸೂರಿಗೆ ಆ ಹೆಸರು ಬಂತೆಂದು ಹಿರಿಯರು ಹೇಳುವುದುಂಟು. ಹಲಸಿನ ಮರ ವೀಣೆಗೂ ಮೃದಂಗಕ್ಕೂ ಒದಗುವ ಮರ. ವಾದ್ಯ ಮಾಡುವವರು ತುಂಡನ್ನು ತಟ್ಟಿ, ನಾದ ಕೇಳಿ ಆರಿಸುತ್ತಾರೆ. ಆಟದ ಹಲಗೆಗೂ ಇದು ಸಲ್ಲುತ್ತದೆ. ಹಿಡಿಯನ್ನು ಸಡಿಲವಾಗಿ ಹಿಡಿದು ಹಲಗೆಯ ನಡುವೆ ಬೆರಳಿನ ಗೆಣ್ಣಿನಿಂದ ತಟ್ಟಿರಿ. ಬಿಗುವಾದ, ಹಗುರವಾದ ಹಲಗೆ ಮೇಲುಸ್ಥಾಯಿಯಲ್ಲಿ ನುಡಿಯುತ್ತದೆ. ಬಳುಕುವ ಹಲಗೆ ಕೆಳಸ್ಥಾಯಿಯಲ್ಲಿ. ಮೇಲಿನದು ವೇಗವನ್ನು, ಕೆಳಗಿನದು ಹತೋಟಿಯನ್ನು ಸೂಚಿಸುತ್ತದೆಂದು ಸ್ಥೂಲವಾಗಿ ಹೇಳಬಹುದು. ಒಂದೇ ಮಾದರಿಯ ಎರಡು ಹಲಗೆಗಳನ್ನು ತಟ್ಟಿದಾಗ ಸ್ಥಾಯಿ ಬೇರೆಬೇರೆಯಾದರೆ ಅವುಗಳ ಆಟವೂ ಬೇರೆಯಾಗುತ್ತದೆ. ನಾದದ ಬದಲು ಒಡಕು ಗರಗರ ಕೇಳಿಸಿದರೆ ಒಳಗೆಲ್ಲೋ ಅಂಟು ಬಿಟ್ಟಿದೆಯೆಂದು ತಿಳಿದು ಅದನ್ನು ಪಕ್ಕಕ್ಕಿಡಬೇಕು. ಈಗಿನ ತರುಣರು ಮೊಬೈಲ್ ಫೋನಿನಿಂದಲೇ ಈ ಕಂಪನಸಂಖ್ಯೆಯನ್ನು ಅಳೆಯುತ್ತಾರೆ. ಸಂಗೀತದ ಅಭ್ಯಾಸವಿರುವ ಕಿವಿಗೆ ಆ ಯಂತ್ರವೂ ಬೇಡ.

ನಾಲ್ಕನೆಯದು ಕೈ. ತಳ ಅಗಲವಾಗಿರುವ ಹಿಡಿ, ನೇರವಾದ ಹಿಡಿ ಎಂದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಜಾರದಂತೆ ತಡೆಯುತ್ತದೆ. ಎರಡನೆಯದು ಹಿಡಿತವನ್ನು ಆಗಾಗ್ಗೆ ಬದಲಿಸುವವರಿಗೆ ಅನುಕೂಲ. ಇದರಲ್ಲಿ ಉತ್ತಮ ಅಧಮವೆಂಬುದಿಲ್ಲ. ಮಗುವಿನ ಕೈಯೇ ಪ್ರಮಾಣ. ಹೆಬ್ಬೆರಳು ಮತ್ತು ತೋರುಬೆರಳುಗಳ ಸಂದಿಗೆ ತಗಲುವ ಹಲಗೆಯ ಭುಜ ಹರಿತವಾಗಿದ್ದರೆ ನಯವಾದ ಉಪ್ಪುಕಾಗದದಿಂದ ಒಂದಿಷ್ಟು ಉಜ್ಜಬೇಕು. ಹೊಸ ಹಲಗೆಯನ್ನು ಉಜ್ಜುವುದೆ ಎಂದು ಹಿಂಜರಿಯುವವರುಂಟು. ಕೈಯಲ್ಲಿ ಬೊಬ್ಬೆ ಎದ್ದ ಮಗು ಹಿಡಿತವನ್ನೇ ಕೆಡಿಸಿಕೊಳ್ಳುತ್ತದೆ.

ಕೊನೆಯದೂ ಮುಖ್ಯವಾದುದೂ ಮೇಜು. ಇಲ್ಲಿ ನನ್ನ ಅಭಿಪ್ರಾಯ ಪ್ರಚಲಿತ ಪದ್ಧತಿಗೆ ಕೊಂಚ ವಿರುದ್ಧ. ಹೊಸ ಬ್ಯಾಟನ್ನು ಪರೀಕ್ಷಿಸುವವರೆಲ್ಲರೂ ತಮ್ಮ ಅತ್ಯಂತ ಬಲವಾದ ಹೊಡೆತವನ್ನು ಹೊಡೆದು, ಚೆಂಡು ಮಿಂಚಿನಂತೆ ಹೋದದ್ದನ್ನು ಕಂಡು ತೃಪ್ತರಾಗುತ್ತಾರೆ. ಪರೀಕ್ಷಿಸಬೇಕಾದುದು ಗುರಿಮುಟ್ಟಿದ ಹೊಡೆತವನ್ನಲ್ಲ, ತಪ್ಪಿದ ಚೆಂಡನ್ನು. ಎರಡು ಹಲಗೆಗಳಿಗೆ ಒಂದೇ ಬಗೆಯ ರಬ್ಬರನ್ನು ಅಂಟಿಸಿ, ಒಬ್ಬನೇ ಜೊತೆಗಾರನೊಡನೆ, ಮೆಲ್ಲನೆ ತಳ್ಳುವುದು, ತಡೆಯುವುದು, ಸಾಧಾರಣ ವೇಗದಲ್ಲಿ ಹೊಡೆಯುವುದು ಈ ಮೂರನ್ನೂ ಐವತ್ತೈವತ್ತು ಸಲ ಮಾಡಿಸಿರಿ. ತಪ್ಪಿದುದು ಎಷ್ಟು, ತಪ್ಪಿದುದು ಬಲೆಗೆ ಬಿತ್ತೋ ಮೇಜಿನಾಚೆಗೆ ಹೋಯಿತೋ ಎಂದು ಕಾಗದದಲ್ಲಿ ಬರೆದುಕೊಳ್ಳಿರಿ. ಚೆಂಡು ಮತ್ತೆ ಮತ್ತೆ ಆಚೆಗೇ ಹೋಗುತ್ತಿದ್ದರೆ ಹಲಗೆ ಆ ಮಗುವಿಗೆ ಅತಿಯಾಯಿತು. ಎಲ್ಲವೂ ಬಲೆಗೇ ಬೀಳುತ್ತಿದ್ದರೆ ಕೊಂಚ ಚುರುಕಾದುದು ಬೇಕು. ಒಂದು ವಾರ ಬಿಟ್ಟು ಇದನ್ನೇ ಪುನಃ ಮಾಡಿಸಬೇಕು. ಮೊದಲ ದಿನದ ಮೋಹ ಅಷ್ಟರಲ್ಲಿ ಇಳಿದಿರುತ್ತದೆ. ಹಲಸೂರಿನ ಆ ಬಾಲಕಿಗೆ ನಾನು ಈ ಒಂದು ಗಂಟೆಯನ್ನು ಕೊಟ್ಟಿದ್ದರೆ ಸಾಕಾಗಿತ್ತು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ‘ಉಪಕರಣವೇ ಗೆಲ್ಲಿಸಿದ ನಿದರ್ಶನವಿಲ್ಲವೆ?’ ಎಂದು ಕೇಳುವವರು ೧೯೫೨ರ ಮುಂಬಯಿಯನ್ನು ನೆನಪಿಸುತ್ತಾರೆ. ಆ ವರ್ಷ ಅಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನಿಂದ ಪುರುಷರ ಏಕಾಂಗಿ ಪ್ರಶಸ್ತಿಯನ್ನು ಗೆದ್ದರು. ಮರದ ‘ಟಕ್’ ಧ್ವನಿಯನ್ನು ಕೇಳಿಯೇ ಚೆಂಡಿನ ವೇಗವನ್ನು ಊಹಿಸುತ್ತಿದ್ದ ಎದುರಾಳಿಗಳು ಆ ನಿಶ್ಶಬ್ದಕ್ಕೆ ದಿಕ್ಕೆಟ್ಟರು. ಸತ್ಯ. ಆದರೆ ಸಾಟೋ ಅವರ ಆಟಕ್ಕೂ ಅವರ ಬ್ಯಾಟಿಗೂ ಹೊಂದಿಕೆಯಿತ್ತು. ಅದು ಎರವಲು ಆಯುಧವಾಗಿರಲಿಲ್ಲ. ೧೯೫೯ರಲ್ಲಿ ಒಕ್ಕೂಟ ಸ್ಪಂಜಿನ ದಪ್ಪಕ್ಕೆ ಮಿತಿ ವಿಧಿಸಿತು. ಇಂದಿಗೂ ಸ್ಪಂಜು ರಬ್ಬರು ಎರಡೂ ಸೇರಿ ೪ ಮಿಲಿಮೀಟರನ್ನು ಮೀರುವಂತಿಲ್ಲ. ಅಂಥ ಅನಿರೀಕ್ಷಿತಕ್ಕೆ ಈಗ ಎಡೆಯಿಲ್ಲ; ಉಳಿದಿರುವುದು ಹೊಂದಿಕೆ ಮಾತ್ರ.

ಇನ್ನು ಕೆಲವರು, ‘ಚೆಂಡು ೨೦೦೦ನೆಯ ಇಸವಿಯಲ್ಲಿ ೩೮ರಿಂದ ೪೦ ಮಿಲಿಮೀಟರಿಗೆ ಹಿಗ್ಗಿತು, ೨೦೧೪ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂದಿತು, ಚೆಂಡು ನಿಧಾನವಾದುದರಿಂದ ಹಲಗೆ ವೇಗವಾಗಬೇಕು’ ಎನ್ನುತ್ತಾರೆ. ದೇಶವಿದೇಶಗಳಲ್ಲಿ ಆಡುವ ಪ್ರವೀಣರ ವಿಷಯದಲ್ಲಿ ಈ ಮಾತಿಗೆ ಬೆಲೆಯುಂಟು. ಇನ್ನೂ ತೋಳು ಬೀಸುವುದನ್ನೇ ಕಲಿಯುತ್ತಿರುವ ಮಗುವಿಗೆ ಅದು ಅನ್ವಯಿಸದು. ವೇಗವಾದ ಹಲಗೆ ಸಿಕ್ಕ ಮಗು ಪೂರ್ತಿ ತೋಳು ಬೀಸಲು ಹೆದರಿ, ಮಣಿಕಟ್ಟಿನಿಂದ ಮುಟ್ಟಿ ಬಿಡುವುದನ್ನು ಕಲಿಯುತ್ತದೆ. ಆ ಅಭ್ಯಾಸವನ್ನು ಮುಂದೆ ಬಿಡಿಸುವುದು ತಪ್ಪು ಕಾಗುಣಿತವನ್ನು ಬಿಡಿಸಿದಷ್ಟೇ ಕಷ್ಟ. ‘ಬೆಲೆಯದನ್ನು ಕೊಟ್ಟರೆ ಬೆಳೆಯುತ್ತ ಅದಕ್ಕೆ ಒಗ್ಗಿಕೊಳ್ಳುತ್ತಾರೆ’ ಎಂಬ ಮಾತೂ ಇಂಥದೇ. ಕಾಗುಣಿತ ತಿದ್ದುವವನ ಕೈಗೆ ನಾವು ಪಂಪನನ್ನು ಕೊಡುವುದಿಲ್ಲ. ಹಾಗೆಂದು ಪಂಪನನ್ನು ಶಾಶ್ವತವಾಗಿ ಬಚ್ಚಿಡಬೇಕೆಂದೂ ನಾನು ಹೇಳುತ್ತಿಲ್ಲ. ಆಟ ಪಕ್ವವಾದ ಮಗು ತಾನೇ ಬಂದು, ತನ್ನ ಹಲಗೆ ಎಲ್ಲಿ ಸಾಲದೆಂದು ಕಾರಣ ಸಹಿತ ಹೇಳಿದಾಗ, ಅದಕ್ಕೆ ವೇಗವಾದುದನ್ನು ಕೊಡಿಸುವುದು ನಮ್ಮ ಕರ್ತವ್ಯ.

ನಮ್ಮ ನಾಡಿನಲ್ಲಿ ಈ ಆಟದ ಪರಂಪರೆ ಸಣ್ಣದಲ್ಲ. ಉಷಾ ಸುಂದರರಾಜ್ ಅವರಿಗೆ ೧೯೬೬ರಲ್ಲಿಯೂ ಚೇತನ್ ಬಾಬೂರ್ ಅವರಿಗೆ ೧೯೯೭ರಲ್ಲಿಯೂ ಅರ್ಜುನ ಪ್ರಶಸ್ತಿ ಸಂದಿತು. ಬೆಂಗಳೂರಿನ ಅರ್ಚನಾ ಕಾಮತ್ ೨೦೧೯ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲಿನಲ್ಲಿ ಜರ್ಮನಿಗೆ ಸೋತಾಗ, ಆ ಪಂದ್ಯದಲ್ಲಿ ನಮಗೆ ದೊರೆತ ಒಂದೇ ಗೆಲುವು ಅವರದು. ಶಾಲೆಯ ಮಕ್ಕಳೆಲ್ಲರೂ ಆ ಮಟ್ಟಕ್ಕೆ ಏರುವರೆಂಬ ಭ್ರಮೆ ನನಗಿಲ್ಲ. ಆದರೆ ಏರಬಹುದಾದ ಒಂದು ಮಗುವನ್ನು, ಅಥವಾ ಸುಮ್ಮನೆ ಸಂತೋಷಕ್ಕಾಗಿ ಜೀವಮಾನವೆಲ್ಲ ಆಡಬಹುದಾಗಿದ್ದ ಒಂದು ಮಗುವನ್ನು, ನಮ್ಮ ಔದಾರ್ಯವೇ ಆಟದಿಂದ ಹೊರದೂಡಬಾರದು.

ಆದ್ದರಿಂದ ದಾನಿಗಳಲ್ಲಿ ನನ್ನದೊಂದು ವಿನಂತಿ. ೨೦೨೨ರಲ್ಲಿ ನಾಲ್ಕು ಹಲಗೆಗಳಿಗೆ ಖರ್ಚಾದುದು ನಲವತ್ತೆಂಟು ಸಾವಿರ ರೂಪಾಯಿ. ಮೂರು ಸಾವಿರಕ್ಕೆ ಐದು ಪದರಗಳ, ಬರಿಯ ಮರದ, ಸರ್ವಸಾಧಾರಣ ಆಟಕ್ಕೆ ಒಪ್ಪುವ ಒಳ್ಳೆಯ ಹಲಗೆ ದೊರೆಯುತ್ತದೆ. ಮೀರತ್, ಜಲಂಧರಗಳ ಕಡೆ ನಮ್ಮ ದೇಶದಲ್ಲಿಯೇ ತಯಾರಾಗುವವುಗಳಲ್ಲಿ ಅದಕ್ಕಿಂತ ಕಡಮೆಗೂ ಸಿಗುತ್ತದೆ. ಅದೇ ಹಣದಲ್ಲಿ ಹದಿನಾರು ಮಕ್ಕಳ ಕೈಗೆ ಹಲಗೆ ಬರುತ್ತಿತ್ತು. ಹಲಗೆಯನ್ನು ಎಚ್ಚರಿಕೆಯಿಂದ ಇಟ್ಟುಕೊಂಡರೆ ಅದು ಬಹುಕಾಲ ಬಾಳುತ್ತದೆ: ತೆಳುವಾಗಿ ವಾರ್ನಿಷ್ ಬಳಿದರೆ ರಬ್ಬರು ಕೀಳುವಾಗ ಸಿಬಿರು ಏಳುವುದಿಲ್ಲ, ಅಂಚಿಗೆ ಪಟ್ಟಿ ಸುತ್ತಿದರೆ ಮೇಜಿನ ಏಟು ತಡೆಯುತ್ತದೆ, ಮಳೆಗಾಲದ ತೇವಕ್ಕೂ ಬಿಸಿಲಿಗೂ ಒಡ್ಡದೆ ಚೀಲದಲ್ಲಿಟ್ಟರೆ ಬಾಗುವುದಿಲ್ಲ. ಸವೆಯುವುದು ರಬ್ಬರು. ಪ್ರತಿದಿನ ಆಡುವ ಮಕ್ಕಳ ರಬ್ಬರನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಯಾರೂ ಹಣ ಕೊಡದಿರುವುದು ಇದಕ್ಕೇ. ರಬ್ಬರಿಗೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲು ಬರುವುದಿಲ್ಲವಷ್ಟೆ. ನಾಮಫಲಕದಲ್ಲಿರುವುದೂ ಆಟದ ಹಲಗೆಯಲ್ಲಿರುವುದೂ ಒಂದೇ ಶಬ್ದವೆಂದು ಆರಂಭದಲ್ಲಿ ಹೇಳಿದೆ. ಗೋಡೆಯ ಫಲಕಕ್ಕಿಂತ ಕೈಯ ಹಲಗೆಗೆ ಒಲಿಯುವ ದಾನಿಗಳು ನಮಗೆ ಬೇಕು.

ಅಧ್ಯಾಪಕ ಬಂಧುಗಳಿಗೆ ಒಂದೇ ಮಾತು: ಬ್ಯಾಟನ್ನು ಕೊಳ್ಳಲು ಹೋಗುವಾಗ ಅದನ್ನು ಹಿಡಿಯುವ ಮಗುವನ್ನು ಜೊತೆಗೆ ಕರೆದೊಯ್ಯಿರಿ. ೨೦೨೩ರ ಅಕ್ಟೋಬರಿನಿಂದ ಕೃಷ್ಣರಾಜಪುರದಿಂದ ಇಂದಿರಾನಗರ, ಹಲಸೂರುಗಳ ಮೇಲೆ ಹಾದು ಮಹಾತ್ಮ ಗಾಂಧಿ ರಸ್ತೆಯವರೆಗೆ ಮೆಟ್ರೋ ರೈಲು ಓಡುತ್ತಿದೆ. ದೂರದ ನೆವ ಹೇಳುವಂತಿಲ್ಲ. ಮಗು ‘ಇದು ನನ್ನ ಮಾತು ಕೇಳುವುದಿಲ್ಲ’ ಎಂದರೆ ಬೆಲೆಯ ಚೀಟಿಯನ್ನು ನೋಡದೆ ಕೆಳಗಿಡಿರಿ. ಆಟದ ನಿಯಮದಂತೆ, ಬ್ಯಾಟು ಆಕಸ್ಮಿಕವಾಗಿ ಆಡಲಾಗದಷ್ಟು ಕೆಟ್ಟ ಹೊರತು, ಪಂದ್ಯದ ನಡುವೆ ಅದನ್ನು ಬದಲಿಸುವಂತಿಲ್ಲ. ಕೈಗೊಪ್ಪದ ಹಲಗೆಯನ್ನು ಹಿಡಿದು ಪಂದ್ಯಕ್ಕಿಳಿದ ಮಗು ಕೊನೆಯವರೆಗೂ ಅದರೊಡನೆಯೇ ಸೆಣಸಬೇಕು.

ಆ ಬಾಲಕಿ ಹತ್ತನೆಯ ತರಗತಿಯನ್ನು ಮುಗಿಸಿ ಕಾಲೇಜು ಸೇರಿದಳು. ಪ್ರಮಾಣಪತ್ರಕ್ಕೆಂದು ಶಾಲೆಗೆ ಬಂದಿದ್ದ ದಿನ ಆಕೆಯ ಹಳೆಯ ಬ್ಯಾಟನ್ನು, ಹೊಸ ರಬ್ಬರು ಹಾಕಿಸಿ, ನಾನು ಕೊಟ್ಟೆ. ತಪ್ಪು ನನ್ನದಾಗಿತ್ತೆಂದೂ ಹೇಳಿದೆ. ಅದನ್ನು ಕೈಯಲ್ಲಿ ಎರಡು ಸಲ ತಿರುಗಿಸಿ ನೋಡಿ, ‘ಇರಲಿ ಸರ್’ ಎಂದಳು. ಆಕೆ ಮತ್ತೆ ಆಡುತ್ತಿರುವಳೋ ಇಲ್ಲವೋ ನಾನು ಅರಿಯೆ. ಇಂಗಾಲದ ಆ ನಾಲ್ಕು ಹಲಗೆಗಳು ಇಂದಿಗೂ ಆಟದ ಕೋಣೆಯ ಬೀರುವಿನಲ್ಲಿವೆ. ಅವುಗಳಿಗೆ ತಕ್ಕ ಕೈಗಳು ನಮ್ಮ ಶಾಲೆಯಲ್ಲಿ ಬೆಳೆದು ಬರಲಿ, ಅಲ್ಲಿಯವರೆಗೆ ಕೈಗಳಿಗೆ ತಕ್ಕ ಹಲಗೆಗಳನ್ನು ನಾವು ಒದಗಿಸುವಂತಾಗಲಿ ಎಂದು ಹಾರೈಸಿ ಈ ಅರಿಕೆಯನ್ನು ಮುಗಿಸುತ್ತೇನೆ.